ಸಹಾಯ ಬೇಕು: ಮಂಡ್ಯದಿಂದ ಬೆಂಗಳೂರಿಗೆ ಒಂದೇ ದಿನ, ಎಲ್ಲಿ ಇಳಿಯೋದು ಸರಿ?

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗೆಳತಿ ಮುಂದಿನ ವಾರ ಬೆಂಗಳೂರಿಗೆ ಹೋಗಿ ಅದೇ ದಿನ ವಾಪಸ್ ಬರಬೇಕು. ನೋಡಬೇಕಾಗಿರೋದು ಎರಡೇ: ಲಾಲ್‌ಬಾಗ್, ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಗೆಳತಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತೋಕಾಗಲ್ಲ.

ಸ್ಕೂಟರ್ ಬೇಡ ಅಂತ ಬಿಟ್ವಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಲಿ ದ್ವಿಚಕ್ರ ವಾಹನ ಬಿಡಲ್ಲ, ಸರ್ವಿಸ್ ರಸ್ತೇಲಿ ಅಷ್ಟು ದೂರ ಕಷ್ಟ. ರೈಲೂ ಯೋಚನೆ ಮಾಡಿದ್ವಿ. ಕೆಂಗೇರೀಲಿ ಇಳಿದರೆ ಮೆಟ್ರೊ ನಿಲ್ದಾಣ ಪಕ್ಕದಲ್ಲೇ ಇಲ್ಲ, ಆಟೊ ಹಿಡೀಬೇಕು. ಹಾಗಾಗಿ ಸಾಮಾನ್ಯ ಸಾರಿಗೆ ಬಸ್ಸೇ ಗಟ್ಟಿ. ಶಕ್ತಿ ಯೋಜನೇಲಿ ಟಿಕೆಟ್ ಉಚಿತ, ರಾಜಹಂಸ, ಐರಾವತಕ್ಕೆ ಅದು ನಡೆಯಲ್ಲ.

ಗೊಂದಲ ಇರೋದು ಇಲ್ಲಿ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು ದೀಪಾಂಜಲಿ ನಗರದಲ್ಲಿ ನೇರಳೆ ಮೆಟ್ರೊ ಹತ್ತಿದರೆ ಮ್ಯೂಸಿಯಂ ಕಡೆಯ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ನೇರ, ಮಾರ್ಗ ಬದಲಿಸೋ ಗೋಜಿಲ್ಲ. ಆದರೆ ಮೊದಲು ಲಾಲ್‌ಬಾಗ್ ಅಂದ್ರೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಲೇಬೇಕು, ಅಲ್ಲಿ ಸಿಕ್ಕಾಪಟ್ಟೆ ಜನ. ಬಿಸಿಲೇರೋಕೆ ಮುಂಚೆ ಲಾಲ್‌ಬಾಗ್ ಮುಗಿಸೋದೇ ಒಳ್ಳೇದು ಅನ್ಸುತ್ತೆ, ಅಲ್ಲಿನ ನಡಿಗೆ ಕಮ್ಮಿ ಏನಲ್ಲ. ಸಂಜೆದು ಇನ್ನೊಂದು ತಲೆನೋವು: ಮೈಸೂರು ನಾನ್‌ಸ್ಟಾಪ್ ಬಸ್ಸು ಬೈಪಾಸ್‌ನಲ್ಲೇ ಹೋಗ್ತವೆ, ಮಂಡ್ಯದೊಳಕ್ಕೆ ಬರಲ್ಲ.

ದಿನಾ ಓಡಾಡೋರು ದಯವಿಟ್ಟು ಈ ಎರಡು ಹೇಳಿ. ಮೆಜೆಸ್ಟಿಕ್ ಮೆಟ್ರೊದಲ್ಲಿ ನೇರಳೆಯಿಂದ ಹಸಿರಿಗೆ ಪೂರ್ತಿ ಲಿಫ್ಟಲ್ಲೇ ಹೋಗಬಹುದಾ? ಸಂಜೆ 6ರ ಹೊತ್ತಿಗೆ ಮಂಡ್ಯ ಊರೊಳಗೆ ನಿಲ್ಲೋ ಬಸ್ಸಲ್ಲಿ ಸೀಟು ಸಿಗಬೇಕಂದ್ರೆ ಸ್ಯಾಟಲೈಟ್‌ನಲ್ಲಿ ಹತ್ತಬೇಕಾ, ಮೆಜೆಸ್ಟಿಕ್‌ನಲ್ಲಾ?