ಮಳೆಗಾಲದಲ್ಲಿ ಬೋನ್ಸಾಯ್ ಬೇರು ಕೊಳೆಯದ ಹಾಗೆ ಮಣ್ಣು ಹೇಗೆ ಬೆರೆಸೋದು?

ಪ್ರಶ್ನೆ, ಹೊಸನಗರದಿಂದ: ಆಲ ಒಂದು, ಜೇಡ್ (ದಪ್ಪ ಎಲೆಯಲ್ಲಿ ನೀರು ಹಿಡಿದಿಡೋ ಗಿಡ) ಒಂದು, ಎರಡೂ 5 ಸೆಂ.ಮೀ. ಆಳದ ತಟ್ಟೆ ಕುಂಡದಲ್ಲಿವೆ. ಕೆಮ್ಮಣ್ಣಿಗೆ ಸಮಸಮ ಕೊಟ್ಟಿಗೆ ಗೊಬ್ಬರ ಬೆರೆಸಿದೆ. ಮಳೆ ಹಿಡಿದ ಮೇಲೆ ನೀರು ಇಂಗ್ತಿಲ್ಲ, ಆಲದ ಎಲೆ ಹಳದಿಯಾಗಿ ಉದುರ್ತಿದೆ. ಬೋನ್ಸಾಯ್‌ಗೆ ಬಳಸೋ ಜಪಾನಿನ ಕಾಳುಮಣ್ಣು ಅಕಡಾಮಾ ದುಬಾರಿ. ಇಲ್ಲೇ ಸಿಗೋದ್ರಲ್ಲಿ ಏನು ಮಾಡ್ಲಿ?

ತೀರ್ಥಹಳ್ಳಿಯಿಂದ: ತಪ್ಪು ಕೆಮ್ಮಣ್ಣಿನ ಬಣ್ಣದ್ದಲ್ಲ, ಅದರ ನುಣುಪಿನದು. ತೋಟದಲ್ಲಿ ಅದೇ ಮಣ್ಣು ನಡೆಯುತ್ತೆ, ಕೆಳಗೆ ಆಳ ಇದೆ. ತಟ್ಟೆಯಲ್ಲಿ ಒತ್ತಾಗಿ ಕೂತು ಗಾಳಿಯ ಸಂದು ಮುಚ್ಚಿಬಿಡುತ್ತೆ, ಬೇರು ಉಸಿರುಗಟ್ಟಿ ಕೊಳೆಯುತ್ತೆ. ಏನು ಹಾಕ್ತೀರಿ ಅನ್ನೋದಕ್ಕಿಂತ ಕಾಳು ಎಷ್ಟು ದಪ್ಪ ಅನ್ನೋದು ನೋಡಿ: 3ರಿಂದ 5 ಮಿ.ಮೀ., ಅಂದ್ರೆ ಕೊತ್ತಂಬರಿ ಬೀಜದಷ್ಟು.

ಆಲಕ್ಕೆ ಇಟ್ಟಿಗೆ ಚೂರು 3 ಪಾಲು, ತೊಳೆದ ದಪ್ಪ ಮರಳು 1, ಚೆನ್ನಾಗಿ ಕಳಿತ ಎಲೆಗೊಬ್ಬರ 1. ಜೇಡ್‌ಗೆ ಎಲೆಗೊಬ್ಬರ ಅರ್ಧ ಪಾಲು ಸಾಕು. ಎಲ್ಲ ಒಂದೇ ಡಬ್ಬದಲ್ಲಿ ಅಳೆಯಿರಿ, ತೂಕ ಬೇಡ. ಇಟ್ಟಿಗೆ ಚೂರನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬೆರಳಲ್ಲಿ ಹಿಸುಕಿ. ಪುಡಿಯಾದ್ರೆ ಅರೆಬೆಂದದ್ದು, ಒಂದೇ ಮಳೆಗಾಲಕ್ಕೆ ರಾಡಿ. ಕುಟ್ಟಿದ್ದನ್ನ ಕಿಟಕಿಯ ಸೊಳ್ಳೆ ಬಲೆಯಲ್ಲಿ ಜರಡಿ ಹಿಡಿದು, ಮೇಲೆ ಉಳಿದದ್ದನ್ನ ನೀರು ತಿಳಿಯಾಗೋವರೆಗೆ ತೊಳೆಯಿರಿ. ಸಿಮೆಂಟ್ ಅಂಟಿದ ಹಳೇ ಇಟ್ಟಿಗೆ ಮುಟ್ಟಬೇಡಿ. ಸುಣ್ಣದಂಶ ಏರಿದ್ರೆ ಗಿಡಕ್ಕೆ ಕಬ್ಬಿಣ ಸಿಗಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತೆ.

ಸಾಗರದಿಂದ: ತಳಕ್ಕೆ ಜಲ್ಲಿ ಹಾಸೋದನ್ನೂ ಬಿಡಿ. ಎಲ್ಲರೂ ಹೇಳ್ತಾರೆ, ಆದ್ರೆ ಕೆಲಸ ಉಲ್ಟಾ. ಸಣ್ಣ ಕಾಳಿನ ಮಣ್ಣಿಂದ ನೀರು ಜಲ್ಲಿಗೆ ಸುಮ್ಮನೆ ಇಳಿಯಲ್ಲ, ಮಣ್ಣಿನ ಅಡಿಭಾಗ ಪೂರ್ತಿ ತೊಯ್ದ ಮೇಲೇ ಇಳಿಯೋದು. ಆ ಒದ್ದೆ ಪದರ ಬೇರಿನ ಹತ್ತಿರಕ್ಕೇ ಏರುತ್ತೆ. ತೂತಿಗೆ ಪ್ಲಾಸ್ಟಿಕ್ ಬಲೆ ಸಾಕು.

ಹೊಸನಗರ: ಮರಳು ಸಿಗ್ತಿಲ್ಲ, ಎಂ-ಸ್ಯಾಂಡ್ ಆಗುತ್ತಾ? ಈಗಲೇ ಬದಲಿಸ್ಲಾ?

ತೀರ್ಥಹಳ್ಳಿ: ಆಗುತ್ತೆ, ಅದರಲ್ಲಿ ಕಲ್ಲುಪುಡಿ ಜಾಸ್ತಿ, ಜರಡಿ ಮೇಲೆ ಉಳಿದದ್ದು ಮಾತ್ರ ತಗೊಳ್ಳಿ. ಆಲವನ್ನ ಈಗಲೇ ಬದಲಿಸಿ, ಕಾಯಬೇಡಿ. ಕಪ್ಪಾಗಿ ಮೆತ್ತಗಾದ ಬೇರು ಮಾತ್ರ ಕತ್ತರಿಸಿ, ಬಿದಿರು ಕಡ್ಡಿಯಲ್ಲಿ ಮಣ್ಣನ್ನ ಬೇರಿನ ಸಂದಿಗೆ ಇಳಿಸಿ, ಅಲುಗಾಡದ ಹಾಗೆ ತಂತಿಯಲ್ಲಿ ಕುಂಡಕ್ಕೆ ಬಿಗಿದು ಸೂರಿನ ಕೆಳಗಿಡಿ. ಜೇಡ್ ಬೇರು ಕತ್ತರಿಸಿದ್ರೆ ಒಂದು ವಾರ ನೀರು ಕೊಡಬೇಡಿ.

ಶಿವಮೊಗ್ಗ ಪೇಟೆಯಿಂದ: ಈ ಅಳತೆ ಘಟ್ಟದ ಕಡೆಗೆ ಸರಿ. ಇಲ್ಲಿನ ಏಪ್ರಿಲ್ ಬಿಸಿಲಿಗೆ ಆಲದ ತಟ್ಟೆ ಬೇಗ ಒಣಗುತ್ತೆ. ಇಟ್ಟಿಗೆ ಒಂದು ಪಾಲು ಇಳಿಸಿ, ಎರಡು ಮೂರು ನೀರಲ್ಲಿ ಉಪ್ಪು ತೊಳೆದ ತೆಂಗಿನ ನಾರಿನ ಪುಡಿ ಹಾಕಿ. ಇಂಥ ಮಣ್ಣಲ್ಲಿ ಸಾರ ಕಮ್ಮಿ. ಗಿಡ ಚಿಗುರೋ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಳು ದ್ರವಗೊಬ್ಬರ ಕೊಡಲೇಬೇಕು.

ಸಾಗರ: ಬದಲಿಸೋವರೆಗೆ ಕುಂಡದ ಒಂದು ತುದಿ ಅಡಿಗೆ ಹೆಂಚಿನ ಚೂರು ಕೊಟ್ಟು ಓರೆಯಾಗಿಡಿ. ತಗ್ಗಿನ ಕಡೆಯ ತೂತಿಂದ ನಿಂತ ನೀರು ತೊಟ್ಟಿಕ್ಕೋದು ಕಣ್ಣಿಗೇ ಕಾಣುತ್ತೆ.