3ನೇ ಕ್ರಾಸ್ ನಿವಾಸಿಗಳು: ಮಕ್ಕಳಿಗೆ ಬೆಂಕಿ ವಿಷಯ ಯಾರು ಹೇಳಿಕೊಡ್ತೀರ?

ಮೂಲೆಮನೆ ಅಕ್ಕ, ರಾತ್ರಿ 12:50
ಎಲ್ರೂ ಮಲಗಿಬಿಟ್ರಾ? ನನಗಂತೂ ನಿದ್ದೆ ಹತ್ತಲ್ಲ. ಮೇಲ್ಮನೇಲಿ ಏನಾಯ್ತು ಅಂತ ಅರ್ಧ ಬೀದಿ ನಿಂತು ನೋಡಿದೆ. ಯುಗಾದಿ ಅಂಬೊಡೆ ಕರಿಯೋಕೆ ಇಟ್ಟ ಎಣ್ಣೆ. ನಾನು ಮೆಟ್ಟಿಲು ಹತ್ತೋ ಹೊತ್ತಿಗೆ ಬಾಂಡ್ಲಿ ಧಗಧಗ ಉರೀತಿತ್ತು, ಆ ಒಂಬತ್ತು ವರ್ಷದ ಮಗು ಚೊಂಬಿನ ತುಂಬ ನೀರು ಹಿಡ್ಕೊಂಡು ಎತ್ತೋಕೆ ನಿಂತಿದ್ದ. ಕಿತ್ಕೊಂಡೆ. ಒಲೆ ಆಫ್ ಮಾಡಿ ಇಡ್ಲಿ ಪಾತ್ರೆ ಮುಚ್ಚಳ ಜಾರಿಸಿ ಮುಚ್ಚಿದೆ. "ಬೆಂಕಿಗೆ ನೀರೇ ಅಲ್ವಾ ಆಂಟಿ ಹಾಕೋದು?" ಅಂದ. ಅವನ ತಪ್ಪೇನಿದೆ ಹೇಳಿ? ನಮ್ಮಲ್ಲಿ ಒಬ್ರಾದ್ರೂ ಮಕ್ಕಳನ್ನ ಕೂರಿಸಿ ಹೇಳಿಕೊಟ್ಟಿದ್ದೀವಾ? ಇನ್ನು ಫೈರ್ ಗಾಡಿ, ಪಾರ್ಕ್ ಹತ್ರಾನೇ ನಿಂತ್ಹೋಯ್ತು. ಯಾಕೆ ಅಂತ ನಿಮಗೆಲ್ಲ ಗೊತ್ತು.

ಸೆಕ್ರೆಟರಿ, ಬೆಳಗ್ಗೆ 6:05
ನಾನು ಎರಡು ವರ್ಷದಿಂದ ಬಡ್ಕೋತಿದೀನಿ. ಜಲ್ಲಿ ರಾಶಿ ಹಾಕಿದವರು ಮೊದಲು ಉತ್ತರ ಕೊಡಲಿ.

ಹೊಸಮನೆ ಅಣ್ಣ, 6:11
ಜಲ್ಲಿ ಇರೋದು ನಮ್ಮ ಸೈಟ್ ಮುಂದೆ ಸ್ವಾಮಿ. ಗಾಡಿ ನಿಂತಿದ್ದು ನಿಮ್ಮ ಬಾಡಿಗೆಯವರ ಕಾರಿಗೆ. ಫೋಟೋ ಹಾಕ್ಲಾ?

ಸೆಕ್ರೆಟರಿ, 6:12
ಹಾಕಿ. ಹಾಸನಾಂಬ ದರ್ಶನದ ಟೈಮಲ್ಲಿ ನಿಮ್ಮ ನೆಂಟರ ಕಾರು ನಾಲ್ಕು ದಿನ ಎಲ್ಲಿತ್ತು ಅಂತ ನಾನೂ ಫೋಟೋ ಹಾಕ್ತೀನಿ.

ಮೇಷ್ಟ್ರು, 6:40
ಇಬ್ಬರೂ ಸ್ವಲ್ಪ ಸುಮ್ನಿರಿ. ಆ ತಾಯಿ ಹೇಳಿದ್ದು ಮಕ್ಕಳ ವಿಷಯ. ಎಣ್ಣೆಗೆ ನೀರು ಬಿದ್ದರೆ ನೀರು ತಳಕ್ಕೆ ಹೋಗುತ್ತೆ, ಅಲ್ಲಿ ಕಾದು ಒಂದೇ ಸಲ ಆವಿಯಾಗುತ್ತೆ. ಒಂದು ಲೋಟ ನೀರಿಗೆ ಸುಮಾರು 1,700 ಲೋಟದಷ್ಟು ಆವಿ. ಅದು ಉರಿಯೋ ಎಣ್ಣೇನ ಸೂರಿಗೆ ಎರಚುತ್ತೆ. ಆ ಚೊಂಬು ಬಿದ್ದಿದ್ದರೆ ಹುಡುಗನ ಮುಖ ಉಳೀತಿರಲಿಲ್ಲ. ಇದನ್ನ ನಾನು ಏಳನೇ ಕ್ಲಾಸಿಗೆ ಪಾಠ ಮಾಡಿದೀನಿ. ನನ್ನ ಮೊಮ್ಮಗಳಿಗೆ ಹೇಳಿಲ್ಲ. ರಾತ್ರಿಯಿಂದ ಅದೇ ಕೊರೀತಿದೆ.

ಬೇಕರಿ ಪಕ್ಕದ ಮನೆ, 7:02
*ಫಾರ್ವರ್ಡ್* ಸುಟ್ಟ ಗಾಯಕ್ಕೆ ಮೊಟ್ಟೆಯ ಬಿಳಿ ಹಚ್ಚಿದರೆ ಕಲೆಯೂ ಉಳಿಯಲ್ಲ!! ಹತ್ತು ಜನರಿಗೆ ಕಳಿಸಿ 🙏🙏

ಸಿಸ್ಟರ್, 2ನೇ ಮನೆ, 7:09
ದಯವಿಟ್ಟು ಇದನ್ನ ಡಿಲೀಟ್ ಮಾಡಿ. ಮೊಟ್ಟೆ, ಪೇಸ್ಟ್, ಇಂಕು ಏನೂ ಬೇಡ. ನಲ್ಲಿ ನೀರಿನ ಕೆಳಗೆ 20 ನಿಮಿಷ ಕೈ ಹಿಡೀಬೇಕು, ಐಸ್ ಅಲ್ಲ. ಬಳೆ ಉಂಗುರ ಊದೋದಕ್ಕೆ ಮೊದಲೇ ತೆಗೀಬೇಕು. ನಿನ್ನೆ ರಾತ್ರಿ ಮೇಲ್ಮನೆ ಹುಡುಗನ ಅಮ್ಮನ ಸುಟ್ಟ ಕೈಗೆ ಯಾರೋ ಪೇಸ್ಟ್ ಮೆತ್ತಿದ್ರು. ಅದನ್ನ ತೊಳೆಯೋವಾಗ ಆಕೆ ಪಟ್ಟ ಪಾಡು ನಾನು ಕಣ್ಣಾರೆ ನೋಡಿದೀನಿ.

ನೀಲಿ ಗೇಟ್, 7:15
ನಮ್ಮನೇಲಿ ದಿನಾ ಬೆಂಕಿ, ನಮ್ಮತ್ತೆ ಬಾಯಿ ತೆಗೆದ್ರೆ ಸಾಕು 😂

ಮೂಲೆಮನೆ ಅಕ್ಕ, 7:16
ಇವತ್ತು ಬೇಡ ಅಣ್ಣ.

ಮೂಲೆಮನೆ ಅಕ್ಕ, 7:30
ಭಾನುವಾರ ಹತ್ತು ಗಂಟೆಗೆ ಪಾರ್ಕಲ್ಲಿ ಎಲ್ಲಾ ಮಕ್ಕಳನ್ನೂ ಸೇರಿಸೋಣ. ಅಜ್ಜಿಯರೂ ಬರಲಿ, ಸ್ಕೂಲು ಬಿಟ್ಟಮೇಲೆ ಮನೇಲಿ ಮಕ್ಕಳ ಜೊತೆ ಇರೋದು ಅವರೇ. ಬಟ್ಟೆಗೆ ಬೆಂಕಿ ಹತ್ತಿದ್ರೆ ಓಡಬಾರದು, ನಿಂತು, ಮಲಗಿ, ಉರುಳಬೇಕು. ಇದನ್ನ ಬಾಯಲ್ಲಿ ಹೇಳಿದ್ರೆ ಆಗಲ್ಲ, ಹುಲ್ಲಿನ ಮೇಲೆ ಉರುಳಿಸಿ ಅಭ್ಯಾಸ ಮಾಡಿಸಬೇಕು. ಹೊಗೆ ತುಂಬಿದ್ರೆ ನೆಲಕ್ಕೆ ಬಗ್ಗಿ ತೆವಳ್ಕೊಂಡು ಆಚೆ ಬರೋದು, ಮಂಚದ ಕೆಳಗೆ ಬಚ್ಚಿಟ್ಕೊಳ್ಳಬಾರದು. 101, 112 ಬಾಯಿಪಾಠ ಆಗಬೇಕು. ಜೊತೆಗೆ ಮನೆ ವಿಳಾಸಾನೂ. ನಿನ್ನೆ ಫೋನ್ ಮಾಡಿದ ಹುಡುಗಿ "ನಮ್ಮನೆ, ನಮ್ಮನೆ" ಅಂತ ಅಳ್ತಿದ್ಲು ಅಷ್ಟೇ.

ಗ್ಯಾಸ್ ಅಂಕಲ್, 7:48
ಗ್ಯಾಸ್ ವಿಷಯ ನಾನು ಹೇಳ್ತೀನಿ, ಮೂವತ್ತು ವರ್ಷ ಸಿಲಿಂಡರ್ ಹೊತ್ತಿದೀನಿ. ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತೆ. ವಾಸನೆ ಬಂತು ಅಂದ್ರೆ ಸ್ವಿಚ್ ಹಾಕೋದೂ ಬೇಡ, ಆರಿಸೋದೂ ಬೇಡ, ಫ್ಯಾನಂತೂ ಮುಟ್ಟಲೇಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಆಚೆ ಬಂದು 1906ಕ್ಕೆ ಫೋನ್ ಮಾಡಿ. ಕಿತ್ತಳೆ ಟ್ಯೂಬ್ ಐದು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು, ಈಗಲೇ ಹೋಗಿ ಅದರ ಮೇಲಿರೋ ವರ್ಷ ನೋಡ್ಕೊಳ್ಳಿ.

ನೀಲಿ ಗೇಟ್, 7:55
ಅಂಕಲ್, ನಮ್ಮದು 2016 😟 ಈಗಲೇ ಬದಲಾಯಿಸ್ತೀನಿ.

ಸೆಕ್ರೆಟರಿ, 8:20
ಪಾರ್ಕ್ ಬೀಗ ನನ್ನ ಹತ್ರ ಇದೆ. ಹಿಂಗೆ ದಿಢೀರ್ ಅಂತ ಬೇಡ. ಏಪ್ರಿಲ್ 14ರಿಂದ 20 ಅಗ್ನಿಶಾಮಕ ಸೇವಾ ಸಪ್ತಾಹ, ಇಲಾಖೆಯವರನ್ನೇ ಕರೆಸೋಣ. ಶಾಮಿಯಾನ, ಮೈಕು, ಹಾರ ಎಲ್ಲಾ ನಾನು ನೋಡ್ಕೋತೀನಿ. ಉದ್ಘಾಟನೆಗೆ ಯಾರನ್ನ ಕರೀಬೇಕು ಹೇಳಿ.

ಮೇಷ್ಟ್ರು, 8:31
1944ರ ಏಪ್ರಿಲ್ 14ಕ್ಕೆ ಮುಂಬೈ ಬಂದರಲ್ಲಿ ಹಡಗು ಸಿಡಿದು, ಬೆಂಕಿ ಆರಿಸೋಕೆ ಹೋದ 66 ಮಂದಿ ಸತ್ತರು. ಅವರ ನೆನಪಿನ ವಾರ ಅದು. ಇಲಾಖೆಯವರು ಬಂದರೆ ಬಹಳ ಒಳ್ಳೇದೇ. ಆದರೆ ಮೈಕಿಗೆ ಕಾಯೋದು ಬೇಡ, ಈ ಭಾನುವಾರ ನಾವೇ ಶುರು ಮಾಡೋಣ.

ಹೊಸಮನೆ ಅಣ್ಣ, 8:34
ಕರೆಸಿದ್ರೆ ಅವರ ಗಾಡಿ ಎಲ್ಲಿಂದ ಬರುತ್ತೆ? ಮೊದಲು ಕಾರು ತೆಗಿಸಿ.

ಸೆಕ್ರೆಟರಿ, 8:36
ಸರಿ, ಹಂಗಾದ್ರೆ ಅದನ್ನೇ ಮಾಡೋಣ. ಎರಡೂ ತುದಿಗೆ ನೋ ಪಾರ್ಕಿಂಗ್ ಬೋರ್ಡ್. ಮನೆಗೆ 200 ರೂಪಾಯಿ. ಜಲ್ಲಿ ಶುಕ್ರವಾರದೊಳಗೆ ಎತ್ತಬೇಕು.

ಬೇಕರಿ ಪಕ್ಕದ ಮನೆ, 8:40
200 ಕಳಿಸಿದೆ 👍

ನೀಲಿ ಗೇಟ್, 8:41
ನಂದೂ.

ಹೊಸಮನೆ ಅಣ್ಣ, 8:47
ಜಲ್ಲಿ ಎತ್ತಿಸ್ತೀನಿ. ಬೋರ್ಡ್ ನಮ್ಮ ಕಾಂಪೌಂಡಿಗೆ ಮಾತ್ರ ಹೊಡೀಬೇಡಿ.

ಮೂಲೆಮನೆ ಅಕ್ಕ, 9:05
ನನ್ನ 200 ಕಳಿಸಿದೀನಿ, ಗಾಡಿ ಬರೋ ದಾರಿ ಬಿಡಲೇಬೇಕು. ಭಾನುವಾರದ್ದು ಏನಾಯ್ತು?

ಸೆಕ್ರೆಟರಿ, 9:20
ಭಾನುವಾರ ಹತ್ತಕ್ಕೆ ಬೋರ್ಡ್ ಬರೆಯೋನು ಬರ್ತಾನೆ. ಎಲ್ರೂ ಇರಿ.

ಮೇಲ್ಮನೆ, 11:32
ಅಕ್ಕ, ಎಡಗೈಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಕ್ಷಮಿಸಿ. ಇವನು ಬೆಳಗ್ಗೆಯಿಂದ ಅಡುಗೆಮನೆ ಒಳಗೇ ಬರ್ತಿಲ್ಲ, ಬಾಗಿಲಲ್ಲೇ ನಿಂತಿರ್ತಾನೆ. ಸಂಜೆ ನಿಮ್ಮನೆಗೆ ಕರ್ಕೊಂಡು ಬರ್ಲಾ? ಮುಚ್ಚಳ ಹೆಂಗೆ ಮುಚ್ಚಿದ್ರಿ ಅಂತ ಒಂದ್ಸಲ ತೋರಿಸ್ತೀರಾ?

ಮೂಲೆಮನೆ ಅಕ್ಕ, 11:33
ಐದಕ್ಕೆ ಬನ್ನಿ. ಒಲೆ ಹಚ್ಚೋದಿಲ್ಲ ಅಂತ ಅವನಿಗೆ ಮೊದಲೇ ಹೇಳಿ. ಖಾಲಿ ಬಾಂಡ್ಲಿ ಸಾಕು.

ಮೇಷ್ಟ್ರು, 11:50
ಮೊಮ್ಮಗಳನ್ನ ನಾನೂ ಕರ್ಕೊಂಡು ಬರ್ತೀನಮ್ಮ.