ಮಿಲ್ ಲ್ಯಾಕ್ಸ್ ಸರೋವರದ ವಾಲೈ ಮೀನು: ನಿಮ್ಮ ಪ್ರಶ್ನೆ, ತಜ್ಞೆಯ ಉತ್ತರ

ನಿರ್ವಾಹಕರು: ಅಮೆರಿಕದ ಮಿನ್ನೆಸೋಟ ರಾಜ್ಯದ ಕನ್ನಡಿಗರ ಗಾಳದ ಗುಂಪಿನಲ್ಲಿ ಈ ವಾರ ಮಿಲ್ ಲ್ಯಾಕ್ಸ್ ಸರೋವರದ ಪ್ರಶ್ನೋತ್ತರ. ವಿಷಯ, ಅಲ್ಲಿನ ವಾಲೈ ಎಂಬ ಸಿಹಿನೀರಿನ ಬೇಟೆಗಾರ ಮೀನು. ಉತ್ತರಿಸುವವರು ನಮ್ಮ ಸದಸ್ಯೆ, ಮೀನು ಜೀವವಿಜ್ಞಾನಿ, ಊರು ಕುಮಟಾ. ಹಗಲು ಕೆಲಸದಲ್ಲಿರುತ್ತಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ.

ರಾಚೆಸ್ಟರ್ ಸದಸ್ಯ: ನಮಸ್ಕಾರ ಮೇಡಂ. ಈ ಸಲ ವಾಲೈ ಹೇಗಿದೆ? ಹೋದರೆ ಸಿಗುತ್ತದೆಯೇ? ಮನೆಗೆ ಎಷ್ಟು ತರಬಹುದು?

ತಜ್ಞೆ: ನಮಸ್ಕಾರ. ಸಿಗುತ್ತದೆ. ಆದರೆ ಸಿಗುವುದೇ ಬೇರೆ, ತರುವುದೇ ಬೇರೆ. ಈ ಸರೋವರಕ್ಕೆ ಪ್ರತ್ಯೇಕ ನಿಯಮವಿದೆ. ಎಷ್ಟು ಮೀನು, ಎಷ್ಟು ಇಂಚಿನದು ಎಂಬುದು ವರ್ಷವರ್ಷಕ್ಕೆ ಬದಲಾಗುತ್ತದೆ, ಕೆಲವು ವರ್ಷ ಹಂಗಾಮಿನ ನಡುವೆಯೇ ಬದಲಾಗಿದೆ. ಹೊರಡುವ ಹಿಂದಿನ ರಾತ್ರಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಪ್ರಕಟಣೆ ನೋಡಿಕೊಳ್ಳಿ. ಇಲ್ಲಿ ಯಾರೋ ಬರೆದ ಸಂಖ್ಯೆಯನ್ನು ನಂಬಿಕೊಂಡು ಹೋಗಿ ದಂಡ ಕಟ್ಟಬೇಡಿ.

ಬ್ಲೂಮಿಂಗ್ಟನ್ ಸದಸ್ಯೆ: ಮೀನು ಹಿಡಿಯಲು ಲೈಸೆನ್ಸ್ ಬೇಕೇ ಮೇಡಂ? ಮಗನಿಗೆ 13 ವರ್ಷ.

ತಜ್ಞೆ: 16 ತುಂಬಿದವರಿಗೆ ಬೇಕು. ಮಗನಿಗೆ ಬೇಡ, ನಿಮಗೆ ಬೇಕು.

ವುಡ್‌ಬರಿ ಸದಸ್ಯ: 1,32,000 ಎಕರೆ ನೀರು. ಅಷ್ಟು ದೊಡ್ಡ ಸರೋವರದಲ್ಲಿ ಮೀನು ಕಡಿಮೆಯಾಯಿತು ಎನ್ನುವುದು ಹೇಗೆ? ಮೊಟ್ಟೆ ಇಡುತ್ತಿಲ್ಲವೇ?

ತಜ್ಞೆ: ಮೊಟ್ಟೆಗೆ ಬರವಿಲ್ಲ. ಮಂಜುಗಡ್ಡೆ ಕರಗಿದ ಮೇಲೆ ದಡದ ಜಲ್ಲಿಕಲ್ಲಿನ ಮೇಲೆ ಮೊಟ್ಟೆ ಬೀಳುತ್ತದೆ, ಮರಿಯೂ ಆಗುತ್ತದೆ. ಮರಿ ಬೆಳೆದು ದೊಡ್ಡದಾಗುವಷ್ಟು ಕಾಲ ಬದುಕುತ್ತಿಲ್ಲ. ತೊಂದರೆ ಅಲ್ಲಿದೆ. ನೀರು ತಿಳಿಯಾಗುತ್ತಾ ಬಂದಿದೆ. ಎಲ್ಲರೂ ನೀರು ಸೋಸಿ ತಿನ್ನುವ ಜೀಬ್ರಾ ಚಿಪ್ಪುಹುಳುವನ್ನು (ಜೀಬ್ರಾ ಮಸೆಲ್) ದೂರುತ್ತಾರೆ. ಅದು ಇಲ್ಲಿ ಕಂಡದ್ದು 2005ರಲ್ಲಿ. ನೀರು ತಿಳಿಯಾಗತೊಡಗಿದ್ದು ಅದಕ್ಕೂ ಬಹಳ ಮೊದಲು. ಚಿಪ್ಪುಹುಳು ಬಂದು ಇನ್ನಷ್ಟು ಸೋಸಿತು. 2009ರಲ್ಲಿ ಮುಳ್ಳು ನೀರುಚಿಗಟ ಎಂಬ ಪುಟ್ಟ ಜಲಜೀವಿ ಬಂತು. ಮರಿಮೀನು ತಿನ್ನಬೇಕಾದ ಸೂಕ್ಷ್ಮಜೀವಿಗಳನ್ನು ಅದು ತಿನ್ನುತ್ತದೆ. ವಾಲೈಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವಿದೆ, ಟಾರ್ಚ್ ಹಿಡಿದರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಬ್ಬಿನಲ್ಲಿ ಬೇಟೆಯಾಡಲೆಂದೇ ಆದ ಕಣ್ಣು ಅದು. ತಿಳಿನೀರಿನಲ್ಲಿ ಬೆಳಕು ಆಳಕ್ಕೆ ಇಳಿದಂತೆ ವಾಲೈಗೆ ಹಿತವಾದ ಜಾಗ ಕುಗ್ಗುತ್ತದೆ. ಅದರ ಮೇಲೆ ಬಿಸಿ ಬೇಸಿಗೆ. ತಣ್ಣೀರಿನ ಟುಲ್ಲಿಬೀ ಮೀನು ಬಿಸಿ ತಾಳಲಾರದು. ದೊಡ್ಡ ವಾಲೈಗೆ ಅದು ಒಳ್ಳೆಯ ಊಟ. ಅದೂ ಪರ್ಚ್ ಮೀನೂ ಕಡಿಮೆಯಾದಾಗ ವಾಲೈ ತನ್ನದೇ ಮರಿಗಳನ್ನು ತಿನ್ನುತ್ತದೆ.

ಈಡನ್ ಪ್ರೈರಿ ಸದಸ್ಯ: ಮೇಡಂ, ಕಳೆದ ಶನಿವಾರ ನಾನು, ನಮ್ಮ ಭಾವ ಗ್ಯಾರಿಸನ್ ಕಡೆಯಿಂದ ದೋಣಿ ಇಳಿಸಿದೆವು. ನಡು ಮಧ್ಯಾಹ್ನ, 34 ಅಡಿ ಆಳ, ಎರೆ ಜಿಗಣೆ. ನಾಲ್ಕು ಗಂಟೆಯಲ್ಲಿ 31 ವಾಲೈ! ಒಂದನ್ನೂ ಇಟ್ಟುಕೊಳ್ಳಲಿಲ್ಲ, ಎಲ್ಲವನ್ನೂ ಬಿಟ್ಟೆವು. ನಾಲ್ಕೈದು ಹೊಟ್ಟೆ ಮೇಲಾಗಿ ತೇಲಿದವು. ಒಂದರ ಬಾಯಿಂದ ಗುಲಾಬಿ ಬಣ್ಣದ ಚೀಲದಂಥದ್ದು ಹೊರಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಳ್ಳುತ್ತವೆ ಎಂದು ಭಾವ ಹೇಳಿದರು. ಹೌದೇ? ಫೋಟೊ ಹಾಕಿದ್ದೇನೆ.

ತಜ್ಞೆ: ನೀರಿನ ಉಷ್ಣತೆ ಎಷ್ಟಿತ್ತು?

ಈಡನ್ ಪ್ರೈರಿ ಸದಸ್ಯ: ದೋಣಿಯ ಪರದೆಯಲ್ಲಿ 76 ಫ್ಯಾರನ್‌ಹೀಟ್.

ಮೇಪಲ್ ಗ್ರೋವ್ ಸದಸ್ಯ: 31! ಜಾಗ ಎಲ್ಲಿ ಸ್ವಾಮಿ? ನಕ್ಷೆಯಲ್ಲಿ ಗುರುತು ಹಾಕಿ ಕಳಿಸಿ.

ಬ್ಲೂಮಿಂಗ್ಟನ್ ಸದಸ್ಯೆ: ಮೀನಿನ ಕಿವಿರಿನಿಂದ ರಕ್ತ ಬಂದರೆ ಸೋಡಾ ಹೊಯ್ಯಬೇಕಂತೆ, ಕೂಡಲೇ ನಿಲ್ಲುತ್ತದೆ. ಚಿಕ್ಕಪ್ಪ ಕಳಿಸಿದ ವಿಡಿಯೊ ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗವಾಗಲಿ.

ಶಾಕೊಪಿ ಸದಸ್ಯ: ನನಗೂ ಬಂದಿತ್ತು. ಇನ್ನೊಂದು: ತೇಲುವ ಮೀನಿನ ಹೊಟ್ಟೆಗೆ ಸೂಜಿ ಚುಚ್ಚಿದರೆ ಗಾಳಿ ಹೋಗಿ ಮುಳುಗುತ್ತದೆ.

ತಜ್ಞೆ: ಸೋಡಾ ಬೇಡ. ಸೂಜಿ ಬೇಡ. ಕೆನಡಾದಲ್ಲಿ ನಾರ್ದರ್ನ್ ಪೈಕ್ ಮೀನಿನ ಕಿವಿರಿಗೆ ಸೋಡಾ ಹೊಯ್ದು ಪರೀಕ್ಷಿಸಿದ್ದಾರೆ; ರಕ್ತ ಬೇಗ ನಿಲ್ಲಲಿಲ್ಲ. ಸೋಡಾ ಹುಡುಕುವಷ್ಟು ಹೊತ್ತು ಮೀನು ಗಾಳಿಯಲ್ಲಿ ಉಸಿರುಗಟ್ಟಿ ಒದ್ದಾಡುತ್ತದೆ. ಸೂಜಿ ಕರುಳಿಗೋ ಯಕೃತ್ತಿಗೋ ತಾಗಿದರೆ ಮುಳುಗುವ ಮೀನು ಮೇಲೆ ಬರುವುದೇ ಇಲ್ಲ. ನೀವು ಮಾತ್ರ ಬದುಕಿತು ಎಂದುಕೊಂಡು ಮನೆಗೆ ಹೋಗುತ್ತೀರಿ.

ಈಡನ್ ಪ್ರೈರಿಯವರಿಗೆ: ನಿಮ್ಮ ಫೋಟೊ ನೋಡಿ ಮಧ್ಯಾಹ್ನದಿಂದ ಮನಸ್ಸು ಅದರ ಮೇಲೇ ಇದೆ. ಕೂತು ಬರೆಯುತ್ತೇನೆ, ಪೂರ್ತಿ ಓದಿ.

ಬಾಯಿಂದ ಹೊರಬಂದದ್ದು ಮೀನಿನ ಜಠರ. ವಾಲೈಯ ಒಡಲಲ್ಲಿ ತೇಲಲು ನೆರವಾಗುವ ಗಾಳಿಚೀಲವಿದೆ. 34 ಅಡಿ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಿರುತ್ತದೆ. ಸರಸರನೆ ಮೇಲೆಳೆದಾಗ ಚೀಲದ ಗಾಳಿ ಎರಡರಷ್ಟು ಹಿಗ್ಗಿ ಜಠರವನ್ನು ಬಾಯಿಗೆ ನೂಕುತ್ತದೆ. ನಮ್ಮೂರ ಗೆಂಡೆ ಜಾತಿಯ ಮೀನುಗಳಿಗೆ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆಯಿದೆ, ಹೆಚ್ಚಾದ ಗಾಳಿಯನ್ನು ತೇಗಿ ಹೊರಹಾಕುತ್ತವೆ. ವಾಲೈಗೆ ಆ ದಾರಿ ಮುಚ್ಚಿದೆ. ಗಾಳಿ ರಕ್ತದ ಮೂಲಕವೇ ನಿಧಾನವಾಗಿ ಕರಗಿ ಹೋಗಬೇಕು. ಅಲ್ಲಿಯವರೆಗೆ ಅದು ಮೇಲ್ಮೈಯ ಬಿಸಿನೀರಿನಲ್ಲಿ ಮಗುಚಿಕೊಂಡು ಬಿದ್ದಿರುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಹೋರಾಡಿ ದಣಿದ ಮೀನಿಗೆ ಬೇಕಾಗುವುದು ಹೆಚ್ಚು. ಗಲ್ ಹಕ್ಕಿಗಳು ಮೇಲೆ ಸುತ್ತುತ್ತಿರುತ್ತವೆ. ಆ ನಾಲ್ಕೈದು ಮೀನು ಬದುಕಿರುವ ಸಂಭವ ತೀರಾ ಕಡಿಮೆ. ಭಾವನವರು ತಪ್ಪು ತಿಳಿದಿದ್ದಾರೆ.

ಕೆಳಗಿಳಿದು ಕಣ್ಮರೆಯಾದ ಮೀನುಗಳೂ ಎಲ್ಲವೂ ಉಳಿಯುವುದಿಲ್ಲ. ಮೇ ತಿಂಗಳ ತಣ್ಣೀರಿನಲ್ಲಿ ಬಿಟ್ಟ ವಾಲೈ ಬಹುಮಟ್ಟಿಗೆ ಬದುಕುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹತ್ತರಲ್ಲಿ ಒಂದು ಸಾಯುತ್ತದೆ ಎಂದಿಟ್ಟುಕೊಳ್ಳಿ. ಗಾಳ ನುಂಗಿದ್ದರೆ ಇನ್ನೂ ಹೆಚ್ಚು. ಆ ಸಾವು ಅಂದೇ ಆಗಬೇಕೆಂದಿಲ್ಲ, ನೀವು ಮನೆಗೆ ಬಂದು ಮಲಗಿದ ಮೇಲೂ ಆಗುತ್ತದೆ. ನೀವು ಮೂರು ಮೀನು ಹಿಡಿದು ತಂದು ಸಾರು ಮಾಡಿದ್ದರೆ ಸರೋವರಕ್ಕೆ ಆಗುತ್ತಿದ್ದ ನಷ್ಟಕ್ಕಿಂತ 31 ಹಿಡಿದು ಬಿಟ್ಟದ್ದರಿಂದ ಆದ ನಷ್ಟ ದೊಡ್ಡದು. ವರ್ಷಕ್ಕೆ ಎಷ್ಟು ತೂಕದ ವಾಲೈ ಹಿಡಿಯಬಹುದೆಂಬ ಮಿತಿಯಿದೆ; ಅದರಲ್ಲಿ ಗಾಳದವರಿಗೆಂದು ರಾಜ್ಯಕ್ಕೊಂದು ಪಾಲು, ಇಲ್ಲಿನ ಮೂಲನಿವಾಸಿ ಒಜಿಬ್ವೆ ಬುಡಕಟ್ಟಿನವರಿಗೊಂದು ಪಾಲು. ಹೀಗೆ ಬಿಟ್ಟ ಮೇಲೆ ಸಾಯುವ ಮೀನಿನ ಅಂದಾಜು ತೂಕವನ್ನೂ ರಾಜ್ಯದ ಪಾಲಿನಲ್ಲಿ ಕಳೆಯುತ್ತಾರೆ. 2017ರಲ್ಲಿ ಜುಲೈ 7ರಿಂದ 27ರವರೆಗೆ ವಾಲೈ ಗಾಳವನ್ನೇ ನಿಲ್ಲಿಸಿದ್ದು ಇದಕ್ಕೇ. ಆಗ ಹಿಡಿದು ಬಿಡುವುದಕ್ಕಷ್ಟೇ ಅನುಮತಿಯಿತ್ತು. ಬಿಟ್ಟರೂ ಸಾಯುತ್ತವೆ ಎಂದೇ ನಿಲ್ಲಿಸಬೇಕಾಯಿತು.

ಮುಂದೆ ಹೀಗೆ ಮಾಡಿ. ಉಷ್ಣತೆ 70 ದಾಟಿದರೆ ವಾಲೈಯ ಹಿಂದೆ ಹೋಗಬೇಡಿ. 30 ಅಡಿಗಿಂತ ಆಳಕ್ಕೆ ಬೇಸಿಗೆಯಲ್ಲಿ ಗಾಳ ಇಳಿಸಲೇಬೇಡಿ. ಜಿಗಣೆಯನ್ನು ಮೀನು ಗಂಟಲವರೆಗೆ ನುಂಗುತ್ತದೆ, ದಾರ ಅಲುಗಿದ ಕೂಡಲೇ ಎಳೆಯಿರಿ. ಗಾಳ ಒಳಗೆ ಹೋಗಿದ್ದರೆ ಕೀಳಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ. ಮೀನನ್ನು ನೀರಿನಲ್ಲೇ ಹಿಡಿದು ಬಿಡಿಸಿ. ಫೋಟೊಗೆಂದು ಎತ್ತಿದರೆ ನಿಮ್ಮ ಉಸಿರನ್ನೂ ಬಿಗಿಹಿಡಿಯಿರಿ. ನಿಮಗೆ ಸಾಕೆನಿಸುವ ಮೊದಲೇ ಅದಕ್ಕೆ ಸಾಕಾಗಿರುತ್ತದೆ. ಜಾಗದ ಗುರುತನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.

ರಾಚೆಸ್ಟರ್ ಸದಸ್ಯ: ಲೈಸೆನ್ಸ್ ಬೇಕೇ ಮೇಡಂ?

ತಜ್ಞೆ: ಮೇಲಿದೆ.

ಎಡೈನಾ ಸದಸ್ಯ: ಇದಕ್ಕೇ ನಾನು ಹೇಳುವುದು. ಹೊಟ್ಟೆಗಾಗಿ ಹಿಡಿಯುವುದನ್ನು ಒಪ್ಪಬಹುದು. ಆಟಕ್ಕೆಂದು ಗಂಟಲಿಗೆ ಕೊಕ್ಕೆ ಹಾಕಿ ಎಳೆದು, ಫೋಟೊ ತೆಗೆದು, ಬಿಟ್ಟೆವೆಂದು ಪುಣ್ಯದ ಮಾತಾಡುವುದು ಹಿಂಸೆ.

ಪ್ಲಿಮತ್ ಸದಸ್ಯ: ಮೀನನ್ನೇ ಮುಟ್ಟದವರು ಗಾಳದ ಗುಂಪಿನಲ್ಲಿ ಏಕಿದ್ದೀರಿ? ನಾವು ಕಾರವಾರದವರು. ನಮ್ಮ ಅಜ್ಜ ಹೊಟ್ಟೆಪಾಡಿಗೆ ಹಿಡಿದರು, ನಾವು ಸಂತೋಷಕ್ಕೆ ಹಿಡಿಯುತ್ತೇವೆ. ಅದರಲ್ಲಿ ನಿಮಗೇನು ಕಷ್ಟ?

ಎಡೈನಾ ಸದಸ್ಯ: ಅಜ್ಜ ಹಿಡಿದದ್ದನ್ನು ಉಂಡರು. ನೀವು ಉಣ್ಣುತ್ತಿಲ್ಲ. ನನ್ನ ಪ್ರಶ್ನೆ ಅಷ್ಟೇ. ಮಗನನ್ನು ಕರೆದುಕೊಂಡು ನೋಡಲು ಬರುತ್ತೇನೆ, ಅದಕ್ಕೇ ಗುಂಪಿನಲ್ಲಿದ್ದೇನೆ.

ತಜ್ಞೆ: ಬೇಸಿಗೆಯ ಮಟ್ಟಿಗೆ ಎಡೈನಾದವರ ಮಾತು ಸರಿ. ನಿಯಮ ಅನುಮತಿಸಿದಷ್ಟು ಮೀನು ಸಿಕ್ಕಿತೋ, ಗಾಳ ಸುತ್ತಿಡಿ.

ಮೇಪಲ್ ಗ್ರೋವ್ ಸದಸ್ಯ: ನಾವು ಒಂದು ಮೀನು ಹೆಚ್ಚು ಹಿಡಿದರೆ ದಂಡ. ವಸಂತದಲ್ಲಿ ಬುಡಕಟ್ಟಿನವರು ಮೊಟ್ಟೆಯಿಡುವ ಮೀನಿಗೇ ಬಲೆ ಹಾಕುತ್ತಾರಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಸರೋವರ ಹಾಳಾದದ್ದು ಅದರಿಂದಲೇ.

ವುಡ್‌ಬರಿ ಸದಸ್ಯ: ನಿಜ. ಎಲ್ಲರಿಗೂ ಗೊತ್ತಿರುವ ವಿಷಯ.

ಸೇಂಟ್ ಕ್ಲೌಡ್ ಸದಸ್ಯೆ: ಯಾರಿಗೆ ಗೊತ್ತು? ಅಮೆರಿಕ ಸರ್ಕಾರದೊಂದಿಗಿನ 1837ರ ಒಪ್ಪಂದದಲ್ಲಿ ಒಜಿಬ್ವೆ ಜನರು ಭೂಮಿ ಬಿಟ್ಟುಕೊಟ್ಟರು, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹತ್ತು ವರ್ಷದ ಹಿಂದೆ ಬಂದ ನಾವು ಅವರನ್ನು ಹೊರಗಿನವರಂತೆ ಕಾಣುವುದು ನ್ಯಾಯವಲ್ಲ.

ಮೇಪಲ್ ಗ್ರೋವ್ ಸದಸ್ಯ: ಪಾಠ ಬೇಡ ಅಕ್ಕ. ಹಕ್ಕು ಬೇರೆ, ಮೀನು ಬೇರೆ.

ಸೇಂಟ್ ಕ್ಲೌಡ್ ಸದಸ್ಯೆ: ಅಕ್ಕ ಎಂದು ಕರೆದು ಬಾಯಿ ಮುಚ್ಚಿಸಬೇಡಿ. ಅಂಕಿಅಂಶ ಕೊಡಿ.

ತಜ್ಞೆ: ನಾನು ಕೊಡುತ್ತೇನೆ. 2013ರಲ್ಲಿ ಒಟ್ಟು ಮಿತಿ 2,50,000 ಪೌಂಡ್. ಅದರಲ್ಲಿ ರಾಜ್ಯದ ಪಾಲು 1,78,750, ಎಂಟು ಒಜಿಬ್ವೆ ಬಣಗಳ ಪಾಲು 71,250. 2015ರಲ್ಲಿ ಒಟ್ಟು 40,000ಕ್ಕೆ ಇಳಿಯಿತು, ಅವರಿಗೆ 11,400. ಆ ವರ್ಷ ಆಗಸ್ಟ್ 3ಕ್ಕೆ ವಾಲೈ ಗಾಳ ನಿಂತದ್ದು ಗಾಳದವರು ತಮ್ಮ ಪಾಲನ್ನು ಮುಗಿಸಿದ್ದರಿಂದ. ಬಲೆಯ ಮೀನನ್ನು ದಡದಲ್ಲಿ ಎಣಿಸಿ ತೂಗುತ್ತಾರೆ. ಗಾಳದವರು ಬಿಟ್ಟು ಸತ್ತ ಮೀನನ್ನು ಅಂದಾಜಿನಲ್ಲೇ ಹಿಡಿಯಬೇಕು. ಮಿತಿಯನ್ನು ಎರಡೂ ಕಡೆಯ ಜೀವವಿಜ್ಞಾನಿಗಳು ಕೂತು ಲೆಕ್ಕ ಹಾಕುತ್ತಾರೆ. ಮರಿಗಳು ಮೊದಲ ವರ್ಷಗಳಲ್ಲೇ ಸಾಯುತ್ತಿವೆ ಎಂದು ಮೇಲೆ ಬರೆದಿದ್ದೇನೆ; ಬಲೆಯ ಕಣ್ಣಿಗೆ ಆ ಗಾತ್ರದ ಮೀನು ಸಿಕ್ಕುವುದೇ ಇಲ್ಲ. ಇಷ್ಟಾದ ಮೇಲೂ ಅದೇ ಮಾತನ್ನು ಆಡುವುದಾದರೆ ನನ್ನನ್ನು ಕೇಳಬೇಡಿ.

ಮೇಪಲ್ ಗ್ರೋವ್ ಸದಸ್ಯ: ತಜ್ಞರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ.

ನಿರ್ವಾಹಕರು: ಈ ಚರ್ಚೆ ಇಲ್ಲಿಗೆ ಸಾಕು. ಇನ್ನು ಮೀನಿನ ಪ್ರಶ್ನೆ ಮಾತ್ರ.

ಲೇಕ್‌ವಿಲ್ ಸದಸ್ಯ: ಮಸ್ಕಿ ಮೀನಿಗೆ ಯಾವ ಎರೆ ಒಳ್ಳೆಯದು?

ವುಡ್‌ಬರಿ ಸದಸ್ಯ: ನಮ್ಮ ಕಡೆ ಮೀನುಗಾರಿಕೆ ಇಲಾಖೆ ಕೆರೆಗಳಿಗೆ ಕಾಟ್ಲಾ, ರೋಹು ಮರಿ ಬಿಡುತ್ತದೆ. ಇಲ್ಲಿಯೂ ಲಾರಿಗಟ್ಟಲೆ ವಾಲೈ ಮರಿ ತಂದು ಬಿಟ್ಟರೆ ಮುಗಿಯಿತಲ್ಲ?

ತಜ್ಞೆ: ಒಳ್ಳೆಯ ಪ್ರಶ್ನೆ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಅವಕ್ಕೆ ಮಳೆಗಾಲದ ಹೊಳೆಯ ಹರಿವು ಬೇಕು. ಆದ್ದರಿಂದ ಕೆರೆಗೆ ಪ್ರತಿ ಸಲ ಮರಿ ಬಿಡಲೇಬೇಕು. ಮಿಲ್ ಲ್ಯಾಕ್ಸ್‌ನಲ್ಲಿ ವಾಲೈ ತಾನೇ ಬೇಕಾದಷ್ಟು ಮರಿ ಮಾಡುತ್ತದೆ. ಉಳಿಯದ ಕಡೆಗೆ ಇನ್ನಷ್ಟು ಮರಿ ತಂದು ಸುರಿದರೆ ದೊಡ್ಡ ಮೀನಿಗೆ ಊಟ ಬಡಿಸಿದಂತೆ. ಕೆಲವು ವರ್ಷ ಮಾತ್ರ ಒಂದು ತಲೆಮಾರು ಗಟ್ಟಿಯಾಗಿ ನಿಲ್ಲುತ್ತದೆ. 2013ರಲ್ಲಿ ಹುಟ್ಟಿದ ಮೀನು ಹಾಗೆ ನಿಂತಿತು. ಅದನ್ನು ಕಾಯಲೆಂದೇ 2016ರಲ್ಲಿ ಹಂಗಾಮಿನ ಮೊದಲ ದಿನದಿಂದ ಹಿಡಿದದ್ದನ್ನೆಲ್ಲ ಬಿಡಬೇಕೆಂಬ ನಿಯಮ ಬಂತು.

ಬ್ಲೂಮಿಂಗ್ಟನ್ ಸದಸ್ಯೆ: ಮೇಡಂ, ತಂಗಿ ಗರ್ಭಿಣಿ. ದೊಡ್ಡ ವಾಲೈಯಲ್ಲಿ ಪಾದರಸ ಇರುತ್ತದಂತೆ. ಅರಿಸಿನ, ಹುಣಸೆರಸದಲ್ಲಿ ರಾತ್ರಿಯಿಡೀ ನೆನೆಸಿದರೆ ಪಾದರಸ ಇಳಿದುಹೋಗುತ್ತದೆ ಎಂಬ ಈ ಸಂದೇಶವನ್ನು ಮನೆಯ ಹಿರಿಯರು ಕಳಿಸಿದ್ದಾರೆ. ಸರಿಯೇ?

ತಜ್ಞೆ: ಸುಳ್ಳು. ಪಾದರಸ ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ಹುಣಸೆ, ಅರಿಸಿನ, ಉಪ್ಪು, ಕುದಿಸುವುದು, ಚರ್ಮ ಸುಲಿಯುವುದು, ಯಾವುದಕ್ಕೂ ಅದು ಬಿಡುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಅದು ಕೆಡುಕು. ದೊಡ್ಡ ವಾಲೈ, ದೊಡ್ಡ ಪೈಕ್ ಅವರಿಗೆ ಕೊಡಲೇಬೇಡಿ. ಯಾವ ಮೀನು, ತಿಂಗಳಿಗೆ ಎಷ್ಟು ಸಲ ಎಂಬ ಪಟ್ಟಿಯನ್ನು ರಾಜ್ಯದ ಆರೋಗ್ಯ ಇಲಾಖೆ ಸರೋವರಗಳ ಹೆಸರಿನೊಂದಿಗೆ ಕೊಡುತ್ತದೆ. ಅದನ್ನು ತೆಗೆದುಕೊಂಡು ತಂಗಿಯ ವೈದ್ಯರ ಹತ್ತಿರ ಹೋಗಿ. ಇದನ್ನು ನಿಮಗೆ ಕಳಿಸಿದವರಿಗೆ ನನ್ನ ಈ ಉತ್ತರವನ್ನು ಕಳಿಸಿ. ಇವತ್ತೇ ಕಳಿಸಿ.

ಶಾಕೊಪಿ ಸದಸ್ಯ: ಹಿರಿಯರು ಒಳ್ಳೆಯದಕ್ಕೇ ಕಳಿಸಿರುತ್ತಾರೆ. ಇಷ್ಟು ಖಾರವಾಗಿ ಹೇಳಬೇಕೇ?

ತಜ್ಞೆ: ಹೇಳಬೇಕು.

ಡುಲೂತ್ ಸದಸ್ಯ: ಮಂಜುಗಡ್ಡೆ ಎಷ್ಟು ದಪ್ಪವಿದ್ದರೆ ಕಾರು ಒಯ್ಯಬಹುದು?

ತಜ್ಞೆ: ಹೊಸದಾಗಿ ಕಟ್ಟಿದ ತಿಳಿ ಮಂಜುಗಡ್ಡೆ ನಡೆಯಲು 4 ಇಂಚು, ಸಣ್ಣ ಕಾರಿಗೆ 9ರಿಂದ 10. ಬಿಳಿ ಮಂಜುಗಡ್ಡೆಯಾದರೆ ಅದರ ಎರಡರಷ್ಟು. ನೀವೇ ಕೊರೆದು ಅಳೆಯಿರಿ.

ಲೇಕ್‌ವಿಲ್ ಸದಸ್ಯ: ಮಸ್ಕಿ ಬಗ್ಗೆ ಕೇಳಿದ್ದೆ.

ರಾಚೆಸ್ಟರ್ ಸದಸ್ಯ: ವಾಲೈ ಬೇಡವೆಂದರೆ ಜುಲೈಯಲ್ಲಿ ಅಷ್ಟು ದೂರ ಹೋಗಿ ಏನು ಹಿಡಿಯುವುದು ಮೇಡಂ?

ತಜ್ಞೆ: ಸ್ಮಾಲ್‌ಮೌತ್ ಬಾಸ್. ತಿಳಿನೀರು ಅದಕ್ಕೆ ಹಬ್ಬ. 2017ರಲ್ಲಿ ಬಾಸ್‌ಮಾಸ್ಟರ್ ಪತ್ರಿಕೆ ಅಮೆರಿಕದ ಬಾಸ್ ಸರೋವರಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟಿತ್ತು. ಬೆಳಗಿನ ಜಾವ, ಆಳವಿಲ್ಲದ ಕಡೆ, ಬಂಡೆಗಳ ಪಕ್ಕ. ಅದಕ್ಕೂ ನಿಯಮವಿದೆ, ನೋಡಿಕೊಳ್ಳಿ.

ಈಡನ್ ಪ್ರೈರಿ ಸದಸ್ಯ: ಮೇಡಂ, ನಿಮ್ಮ ಉತ್ತರವನ್ನು ಭಾವನವರಿಗೆ ಓದಿ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಈ ಶನಿವಾರ ಮತ್ತೆ ಹೋದೆವು. ಬೆಳಿಗ್ಗೆ ಆರಕ್ಕೇ ನೀರು 74 ಇತ್ತು, ಆಳದ ಕಡೆ ಹೋಗಲಿಲ್ಲ. ಎಂಟು ಅಡಿ ನೀರಿನ ಬಂಡೆಗಳ ಹತ್ತಿರ ಬಾಸ್‌ಗೆ ಹಾಕಿದೆವು, ಐದು ಬಂತು. ನಡುವೆ ಒಂದು ವಾಲೈಯೂ ಕಚ್ಚಿತು, ಗಾಳ ಗಂಟಲಿನಲ್ಲಿತ್ತು. ದೋಣಿಯ ಅಂಚಿಗೆ ಬಾಗಿ, ಮೀನನ್ನು ನೀರಿನಿಂದ ಎತ್ತದೆ ಭಾವನವರೇ ದಾರ ಕತ್ತರಿಸಿದರು. ಬಾಲದ ತುದಿಯ ಬಿಳಿ ಮಚ್ಚೆ ಕಾಣದಾಗುವವರೆಗೂ ನೋಡುತ್ತ ನಿಂತೆವು. ನೇರವಾಗಿ ಕೆಳಗಿಳಿಯಿತು.

ತಜ್ಞೆ: ತುಂಬಾ ಸಂತೋಷವಾಯಿತು. ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ವಾಪಸಾಗುವಾಗ ದೋಣಿಯ ಬಿರಡೆ ತೆಗೆದು ನೀರು ಬಸಿದಿರಾ? ಜಿಗಣೆಯ ಡಬ್ಬಿಯಲ್ಲಿ ಸರೋವರದ ನೀರು ಉಳಿದಿತ್ತೇ? ಕಣ್ಣಿಗೆ ಕಾಣದ ಚಿಪ್ಪುಹುಳುವಿನ ಮರಿ ಆ ನೀರಿನಲ್ಲೇ ಮುಂದಿನ ಕೆರೆಗೆ ಹೋಗುತ್ತದೆ.

ಈಡನ್ ಪ್ರೈರಿ ಸದಸ್ಯ: ಬಿರಡೆ ತೆಗೆದೆವು. ಡಬ್ಬಿಯ ನೀರು ಹಾಗೇ ಇದೆ, ಗ್ಯಾರೇಜಿನಲ್ಲಿದೆ.

ತಜ್ಞೆ: ಕೆರೆಗೂ ಚರಂಡಿಗೂ ಹಾಕಬೇಡಿ, ಒಣ ಮಣ್ಣಿನ ಮೇಲೆ ಚೆಲ್ಲಿ. ಉಳಿದ ಜಿಗಣೆ ಕಸದ ಬುಟ್ಟಿಗೆ. ಮುಂದಿನ ಸಲ ಮನೆಯಿಂದಲೇ ಒಂದು ಬಾಟಲಿ ನೀರು ಒಯ್ದು, ದಡ ಬಿಡುವ ಮೊದಲು ಬದಲಾಯಿಸಿ.